ಕುಳ್ಳಗಿರುವ ಹುಡುಗನನ್ನು ಫಾರ್ವರ್ಡ್ ಆಗಿ ಬೆಳೆಸುವುದು ಹೇಗೆ? ದಾವಣಗೆರೆಯ ಪೋಷಕರಿಗೆ, ತರಬೇತುದಾರರಿಗೆ ಒಂದು ಮಾರ್ಗದರ್ಶಿ

ದಾವಣಗೆರೆಯ ಹೈಸ್ಕೂಲ್ ಮೈದಾನದಲ್ಲಾಗಲಿ, ಜಿಲ್ಲಾ ಕ್ರೀಡಾಂಗಣದಲ್ಲಾಗಲಿ ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುವವರ ಬಳಿ ಪೋಷಕರು ತಪ್ಪದೆ ಕೇಳುವ ಮಾತೊಂದಿದೆ: "ಸರ್, ನಮ್ ಹುಡುಗ ಕಾಲಲ್ಲಿ ಚೆಂಡು ಚೆನ್ನಾಗಿ ಆಡಿಸ್ತಾನೆ, ಆದ್ರೆ ಕುಳ್ಳಗಿದಾನಲ್ರೀ, ಮುಂದೆ ಆಡಿಸಿದ್ರೆ ನಡೆಯುತ್ತಾ?" ಕ್ರಿಕೆಟ್ಟಿಗೇ ಮೈದಾನದ ನಡುಭಾಗವನ್ನು ಬಿಟ್ಟುಕೊಟ್ಟಿರುವ ನಮ್ಮ ಊರಿನಲ್ಲಿ ಈ ಪ್ರಶ್ನೆಗೆ ಸಿಗುವ ಉತ್ತರಗಳು ಬಹುಮಟ್ಟಿಗೆ ಎರಡೇ. ಒಂದೋ "ಮೆಸ್ಸಿ ಇಲ್ವಾ?" ಎಂದು ಬೆನ್ನು ತಟ್ಟಿ ಕಳಿಸುತ್ತಾರೆ, ಇಲ್ಲವೇ ಹುಡುಗನನ್ನು ಅಂಚಿಗೆ ತಳ್ಳಿ ಮರೆತುಬಿಡುತ್ತಾರೆ. ಈ ಎರಡರಿಂದಲೂ ಹುಡುಗನಿಗೆ ಏನೂ ದಕ್ಕುವುದಿಲ್ಲ.

ಕುಳ್ಳಗಿರುವ ಚತುರ ಆಟಗಾರ ದೊಡ್ಡ ಕ್ಲಬ್ಬಿನಲ್ಲಿ ಫಾರ್ವರ್ಡ್ ಆಗಿ, ಅಂದರೆ ಮುಂದೆ ನಿಂತು ಗೋಲು ಹೊಡೆಯುವ ಹೊಣೆ ಹೊತ್ತವನಾಗಿ, ನೆಲೆ ನಿಲ್ಲಬಲ್ಲ ಎಂಬುದಕ್ಕೆ ಸಾಕಷ್ಟು ಪುರಾವೆಗಳಿವೆ. ಆದರೆ ಅವನನ್ನು ಅಲ್ಲಿಗೆ ಮುಟ್ಟಿಸುವ ಸಂಗತಿ ನಾವು ಮೆಚ್ಚಿಕೊಳ್ಳುವ ಡ್ರಿಬಲ್‌ಗಿಂತ (ಕಾಲಲ್ಲೇ ಚೆಂಡು ಆಡಿಸುತ್ತ ಎದುರಾಳಿಗಳನ್ನು ದಾಟುವುದಕ್ಕಿಂತ) ಹೆಚ್ಚಾಗಿ, ಚೆಂಡು ಕಾಲಿಗೆ ಬರುವ ಮುನ್ನಿನ ಒಂದೆರಡು ಸೆಕೆಂಡುಗಳಲ್ಲಿ ಅವನು ಮಾಡಿ ಮುಗಿಸಿರುವ ಕೆಲಸ. ಈ ಮಾರ್ಗದರ್ಶಿಯ ಹೆಚ್ಚಿನ ಭಾಗ ಆ ಕೆಲಸವನ್ನು ಕಲಿಸುವ ಬಗೆಯನ್ನು ಕುರಿತದ್ದು. ಹುಡುಗ ಎಂದು ಬರೆದಿದ್ದರೂ ಹುಡುಗಿಯರಿಗೂ ಇದೆಲ್ಲ ಅನ್ವಯಿಸುತ್ತದೆ. ವಿಶ್ವಕಪ್‌ಗಳಲ್ಲಿ 17 ಗೋಲು ಗಳಿಸಿದ ಬ್ರೆಜಿಲಿನ ಮಾರ್ತಾ ಅವರೂ ಎತ್ತರದ ಆಟಗಾರ್ತಿಯಲ್ಲ.

ಮೊದಲು ಉದಾಹರಣೆಗಳನ್ನು ಸರಿಯಾಗಿ ಓದಿಕೊಳ್ಳಿ

2011ರ ಮೇ 28ರಂದು ಲಂಡನ್ನಿನ ವೆಂಬ್ಲಿಯಲ್ಲಿ ನಡೆದ, ಯೂರೋಪಿನ ಕ್ಲಬ್ಬುಗಳ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಬಾರ್ಸಿಲೋನಾ ತಂಡ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು 3–1ರಿಂದ ಸೋಲಿಸಿತು. ಆ ಮೂರು ಗೋಲುಗಳನ್ನು ಗಳಿಸಿದವರು ಪೆಡ್ರೊ, ಮೆಸ್ಸಿ ಮತ್ತು ಡೇವಿಡ್ ವಿಯಾ. ಮೂವರೂ ಫಾರ್ವರ್ಡ್‌ಗಳು, ಮೂವರಲ್ಲಿ ಒಬ್ಬರೂ 1.75 ಮೀಟರ್ ದಾಟಿದವರಲ್ಲ. 1.73 ಮೀಟರ್ ಎತ್ತರದ ಸೆರ್ಹಿಯೊ ಅಗುವೆರೊ ಇಂಗ್ಲಿಷ್ ಪ್ರೀಮಿಯರ್ ಲೀಗ್‌ನಲ್ಲಿ 184 ಗೋಲು ಹೊಡೆದರು. ಡಿಫೆಂಡರ್‌ಗಳು ಮೈಮೇಲೆ ಬೀಳುವುದಕ್ಕೇ ಹೆಸರಾದ ಲೀಗ್ ಅದು. ಇತ್ತೀಚಿನವರಲ್ಲಿ ಅರ್ಜೆಂಟೀನಾದ ಹೂಲಿಯನ್ ಆಲ್ವರೆಸ್ ಇದ್ದಾರೆ: 1.70 ಮೀಟರ್ ಎತ್ತರ, 2022ರ ವಿಶ್ವಕಪ್‌ನಲ್ಲಿ 4 ಗೋಲು. ನಮ್ಮ ದೇಶದ ಮಟ್ಟಿಗೆ, ಬೆಂಗಳೂರು ಎಫ್‌ಸಿಯ ಸುನಿಲ್ ಛೇಟ್ರಿ ಭಾರತದ ಪರ 90ಕ್ಕೂ ಹೆಚ್ಚು ಗೋಲು ಗಳಿಸಿದ್ದು 1.70 ಮೀಟರ್ ಎತ್ತರದಲ್ಲೇ.

ಇಷ್ಟು ಓದಿ ಹಿಗ್ಗುವ ಮುನ್ನ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಸೆಬಾಸ್ಟಿಯನ್ ಜೊವಿಂಕೊ ಅವರು ಇಟಲಿ ಕಂಡ ಅತ್ಯಂತ ಚತುರ ಕಾಲಿನ ಆಟಗಾರರಲ್ಲಿ ಒಬ್ಬರು. ಎತ್ತರ ಸುಮಾರು 1.63 ಮೀಟರ್. ಪಾರ್ಮಾ ತಂಡದಲ್ಲಿ ಚೆನ್ನಾಗಿ ಆಡಿದ ಅವರನ್ನು ಯುವೆಂಟಸ್ 2012ರಲ್ಲಿ ಮರಳಿ ಕರೆಸಿಕೊಂಡಿತು, ಆದರೆ ಅಲ್ಲಿ ಅವರಿಗೆ ಖಾಯಂ ಸ್ಥಾನ ದಕ್ಕಲಿಲ್ಲ. 2015ರಲ್ಲಿ ಟೊರಾಂಟೊಗೆ ಹೋದ ವರ್ಷವೇ ಅಮೆರಿಕದ ಎಂಎಲ್‌ಎಸ್ ಲೀಗ್‌ನ ಅತ್ಯಂತ ಮೌಲ್ಯಯುತ ಆಟಗಾರ ಎನಿಸಿಕೊಂಡರು. ಅದೇ ಇಟಲಿಯ ಲೀಗ್‌ನಲ್ಲಿ ನಾಪೊಲಿ ತಂಡದ ಡ್ರೈಸ್ ಮೆರ್ಟೆನ್ಸ್, 1.69 ಮೀಟರ್ ಎತ್ತರದ, ಮೈದಾನದ ಅಂಚಿನಲ್ಲಿ ಆಡುವ ವಿಂಗರ್, 2016–17ರಲ್ಲಿ ಅನಿವಾರ್ಯವಾಗಿ ನಡುವಿನ ಸ್ಟ್ರೈಕರ್ ಆದರು: ಸ್ಟ್ರೈಕರ್ ಹಿಗ್ವೈನ್ ಅವರನ್ನು ಕ್ಲಬ್ ಮಾರಿತ್ತು, ಬದಲಿಗೆ ತಂದ ಮಿಲಿಕ್ ಮೊಣಕಾಲಿನ ಗಾಯದಿಂದ ಹೊರಗುಳಿದಿದ್ದರು. ಮೆರ್ಟೆನ್ಸ್ ಆ ಋತುವಿನಲ್ಲಿ ಲೀಗ್‌ನಲ್ಲೇ 28 ಗೋಲು ಹೊಡೆದರು. ಇಬ್ಬರ ಎತ್ತರದ ನಡುವೆ ಇರುವುದು ನಾಲ್ಕು ಬೆರಳಿನ ಅಂತರ, ಕಾಲಿನ ಚಾತುರ್ಯದಲ್ಲಿ ಜೊವಿಂಕೊ ಒಂದು ತೂಕ ಮೇಲೆಯೇ ಇದ್ದಾರು. ವ್ಯತ್ಯಾಸವಿದ್ದದ್ದು ತಂಡ ಚೆಂಡನ್ನು ಅವರಿಗೆ ತಲುಪಿಸುತ್ತಿದ್ದ ರೀತಿಯಲ್ಲಿ. ಸಾರ್ರಿ ಅವರು ತರಬೇತುದಾರರಾಗಿದ್ದ ನಾಪೊಲಿ ತಂಡ ನೆಲದ ಮೇಲೆ, ಚುಟುಕು ಪಾಸ್‌ಗಳಲ್ಲಿ, ಡಿಫೆಂಡರ್‌ಗಳ ಬೆನ್ನ ಹಿಂದಿನ ಜಾಗಕ್ಕೆ ಚೆಂಡು ಕೊಡುತ್ತಿತ್ತು. ಮೆಸ್ಸಿಯ ಹೆಸರು ಹೇಳಿ ಧೈರ್ಯ ತುಂಬುವವರು ಈ ಜೋಡಿಯನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ದೊಡ್ಡ ಕ್ಲಬ್ಬುಗಳು ಎತ್ತರದ ಸ್ಟ್ರೈಕರ್‌ಗಳನ್ನು ಹುಡುಕುವುದಕ್ಕೆ ಕಾರಣಗಳಿವೆ ಎಂಬುದನ್ನೂ ಒಪ್ಪಿಕೊಳ್ಳಬೇಕು. ಎದುರಾಳಿ ಮೈದಾನದುದ್ದಕ್ಕೂ ಒತ್ತಡ ಹೇರಿದಾಗ ಗೋಲ್‌ಕೀಪರ್ ಉದ್ದಕ್ಕೆ ಹೊಡೆದ ಚೆಂಡನ್ನು ಎದೆಯಲ್ಲೋ ತಲೆಯಲ್ಲೋ ತಡೆದು ನಿಲ್ಲಿಸುವವರೊಬ್ಬರು ಬೇಕು. ಕಾರ್ನರ್ ಮತ್ತು ಫ್ರೀ ಕಿಕ್‌ಗಳಲ್ಲಿ, ಗೋಲು ಹೊಡೆಯಲಿಕ್ಕೂ ತಡೆಯಲಿಕ್ಕೂ, ಎತ್ತರದವರ ಲೆಕ್ಕ ಬೇಕು. 1.95 ಮೀಟರ್ ಎತ್ತರದ ನಾರ್ವೆಯ ಸ್ಟ್ರೈಕರ್ ಹಾಲಂಡ್ ಅವರಂಥವರು ಇದನ್ನೆಲ್ಲ ಮಾಡಿ ಗೋಲನ್ನೂ ಹೊಡೆಯುತ್ತಾರೆ. ಮ್ಯಾಂಚೆಸ್ಟರ್ ಸಿಟಿಯಲ್ಲಿ ಅವರಿದ್ದ ಕಾಲದಲ್ಲಿ ಆಲ್ವರೆಸ್ ಅವರಿಗೆ ನಡುವಿನ ಸ್ಥಾನ ಸಿಗದೆ, ಅವರು 2024ರಲ್ಲಿ ಆಟ್ಲೆಟಿಕೊ ಮ್ಯಾಡ್ರಿಡ್ ಸೇರಿದರು. ಆದ್ದರಿಂದ ಕುಳ್ಳ ಫಾರ್ವರ್ಡ್ ಏನನ್ನು ಕೊಡಲಾರನೋ ಅದಕ್ಕೆ ಬದಲಾಗಿ ಬೇರೇನನ್ನೋ ತೂಕಕ್ಕೆ ತೂಕ ಕೊಡಬೇಕಾಗುತ್ತದೆ.

ಹಂತ ಒಂದು: ಕುಳ್ಳನೋ, ತಡವಾಗಿ ಬೆಳೆಯುವವನೋ?

ಹದಿಮೂರು ವರ್ಷದ ಇಬ್ಬರು ಹುಡುಗರಲ್ಲಿ ಒಬ್ಬನಿಗೆ ಮೀಸೆ ಚಿಗುರಿ, ಇನ್ನೊಬ್ಬ ಐದನೇ ತರಗತಿಯವನಂತೆ ಕಾಣುವುದು ಸಹಜ. ಹುಡುಗರು ಸರಸರನೆ ಎತ್ತರವಾಗುವ ಕಾಲ ಸಾಮಾನ್ಯವಾಗಿ 13–14ರ ಆಸುಪಾಸು. ಕೆಲವರಿಗೆ ಅದು 12ಕ್ಕೇ ಬರುತ್ತದೆ, ಕೆಲವರಿಗೆ 15 ದಾಟಿದ ಮೇಲೆ. ಮೊದಲೇ ಬೆಳೆದವನು ಎರಡು ವರ್ಷ ಎಲ್ಲರನ್ನೂ ತಳ್ಳಿ ಗೋಲು ಹೊಡೆದು ಕಪ್ ಗೆಲ್ಲಿಸುತ್ತಾನೆ, ಮಿಕ್ಕವರು ಬೆಳೆದ ಮೇಲೆ ಅವನ ಬಳಿ ಬೇರೆ ವಿದ್ಯೆ ಉಳಿದಿರುವುದಿಲ್ಲ. ತಡವಾಗಿ ಬೆಳೆಯುವವನು ಆ ಎರಡು ವರ್ಷವನ್ನು ಬೆಂಚಿನ ಮೇಲೆ ಕಳೆದರೆ ನಷ್ಟ ತಂಡದ್ದೇ. ಆಂಟುವಾನ್ ಗ್ರೀಜ್‌ಮನ್ ಅವರನ್ನು ಫ್ರಾನ್ಸಿನ ಹಲವು ಕ್ಲಬ್ಬುಗಳು ಮೈಕಟ್ಟು ಸಣ್ಣದೆಂದು ಬಿಟ್ಟುಬಿಟ್ಟವು. ಹದಿಹರೆಯದಲ್ಲೇ ಗಡಿ ದಾಟಿ ಸ್ಪೇನಿನ ರಿಯಲ್ ಸೊಸೈಡಾಡ್ ಸೇರಿದ ಅವರು ಕೊನೆಗೆ 1.76 ಮೀಟರ್‌ವರೆಗೆ ಬೆಳೆದು, 2018ರಲ್ಲಿ ಅದೇ ಫ್ರಾನ್ಸಿಗೆ ವಿಶ್ವಕಪ್ ಗೆದ್ದುಕೊಟ್ಟವರಲ್ಲಿ ಒಬ್ಬರಾದರು. ಇಂಗ್ಲೆಂಡಿನ ಅಕಾಡೆಮಿಗಳು ಈಗ ಹುಟ್ಟಿದ ವರ್ಷದ ಬದಲು ದೇಹದ ಬೆಳವಣಿಗೆಯ ಮಟ್ಟ ನೋಡಿ ಮಕ್ಕಳನ್ನು ಗುಂಪು ಮಾಡಿ ಆಡಿಸುವ ಪ್ರಯೋಗಗಳನ್ನು ನಡೆಸುತ್ತಿರುವುದು ಇದೇ ಕಾರಣಕ್ಕೆ.

ಪೋಷಕರು ಮಾಡಬೇಕಾದ್ದು ಸರಳ. ಮೂರು ತಿಂಗಳಿಗೊಮ್ಮೆ, ಬೆಳಿಗ್ಗೆಯ ಹೊತ್ತು, ಚಪ್ಪಲಿ ಬಿಚ್ಚಿ, ಹಿಮ್ಮಡಿ ಗೋಡೆಗೆ ತಾಗಿಸಿ ನಿಲ್ಲಿಸಿ ಎತ್ತರ ಅಳೆದು ದಿನಾಂಕದೊಡನೆ ಬರೆದಿಡಿ. ವರ್ಷಕ್ಕೆ ನಾಲ್ಕು ಸೆಂಟಿಮೀಟರ್ ಕೂಡ ಬೆಳೆಯದ ಮಗುವನ್ನು ಮಕ್ಕಳ ತಜ್ಞರಿಗೆ ತೋರಿಸಿ. ಆ ಕೆಲಸಕ್ಕೆ ನಮ್ಮ ಊರಿನ ಆಸ್ಪತ್ರೆಗಳೇ ಸಾಕು. ಮೆಸ್ಸಿ ಎಳವೆಯಲ್ಲಿ ಎತ್ತರಕ್ಕಾಗಿ ಪಡೆದ ಚಿಕಿತ್ಸೆ ಬೆಳವಣಿಗೆಯ ಹಾರ್ಮೋನಿನ ಕೊರತೆ ಎಂಬ ಕಾಯಿಲೆಗೆ ವೈದ್ಯರು ಕೊಟ್ಟದ್ದು. ಅಪ್ಪ ಅಮ್ಮ ಇಬ್ಬರೂ ಕುಳ್ಳಗಿರುವ ಮನೆಯ ಆರೋಗ್ಯವಂತ ಹುಡುಗನಿಗೆ ಅದು ಬೇಕಿಲ್ಲ. ಎತ್ತರ ಹೆಚ್ಚಿಸುವ ಪುಡಿ, ಮಾತ್ರೆಗಳಿಗೆ ಸುರಿಯುವ ಹಣವನ್ನು ಮೊಟ್ಟೆ, ಹಾಲು, ಶೇಂಗಾ, ಮೊಳಕೆ ಕಟ್ಟಿದ ಹೆಸರುಕಾಳಿಗೆ ಹಾಕಿ. ಜೋಳದ ರೊಟ್ಟಿಯನ್ನೋ ರಾಗಿ ಮುದ್ದೆಯನ್ನೋ ಉಣ್ಣುವ ಮನೆಯ ಮಗುವಿಗೆ ಪಾಸ್ತಾ ತಿನ್ನಿಸಿ ಫುಟ್‌ಬಾಲ್ ಕಲಿಸಬೇಕಾಗಿಲ್ಲ.

ಒಮ್ಮೆಲೇ ಎತ್ತರವಾಗುವ ತಿಂಗಳುಗಳಲ್ಲಿ ಮೊಣಕಾಲ ಚಿಪ್ಪಿನ ಕೆಳಗೆ ನೋವು, ಊತ ಬರುವುದುಂಟು, ಹುಡುಗನ ಕಾಲು ತೊಡರಿಕೊಳ್ಳುವುದೂ ಉಂಟು. ಆಗ ಓಟ, ನೆಗೆತ ಕಡಿಮೆ ಮಾಡಿ. "ಸೋಮಾರಿಯಾಗಿದ್ದಾನೆ" ಎಂದು ಬೈಯಬೇಡಿ.

ಇನ್ನೊಂದು ಕಹಿ ಮಾತು. ನಮ್ಮ ವಯೋಮಿತಿ ಪಂದ್ಯಗಳಲ್ಲಿ ಎದುರು ನಿಂತ ದಾಂಡಿಗ ನಿಜಕ್ಕೂ ಹದಿನಾಲ್ಕರವನೇ ಎಂದು ಯಾರೂ ಖಚಿತವಾಗಿ ಹೇಳಲಾರರು. ದೊಡ್ಡ ಮಟ್ಟದ ಸ್ಪರ್ಧೆಗಳಲ್ಲಿ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುವ ಪದ್ಧತಿ ಬಂದದ್ದೇ ಈ ಪಿಡುಗಿನಿಂದ. ನಿಮ್ಮ ಮಗನ ಸರಿಯಾದ ಜನನ ಪ್ರಮಾಣಪತ್ರವನ್ನು ಎಳವೆಯಲ್ಲೇ ಮಾಡಿಸಿಡಿ, ವಯಸ್ಸು ಕಡಿಮೆ ಬರೆಸುವ ಸಲಹೆ ಯಾರು ಕೊಟ್ಟರೂ ಒಪ್ಪಬೇಡಿ.

ಹಂತ ಎರಡು: ಯಾವ ಜಾಗದಲ್ಲಿ ನಿಲ್ಲಿಸುವುದು?

ಫಾರ್ವರ್ಡ್ ಎಂದರೆ ಒಂದೇ ಕೆಲಸವಲ್ಲ. ಕುಳ್ಳ ಆಟಗಾರನಿಗೆ ಒಗ್ಗುವ ಜಾಗಗಳು ಮೂರು. ಅಂಚಿನಿಂದ ಒಳಗೆ ನುಗ್ಗುವ ವಿಂಗರ್‌ನದು ಮೊದಲನೆಯದು. ಎಡಗಾಲಿನವನನ್ನು ಬಲಕ್ಕೂ ಬಲಗಾಲಿನವನನ್ನು ಎಡಕ್ಕೂ ನಿಲ್ಲಿಸಿದರೆ ಒಳಕ್ಕೆ ತಿರುಗಿದ ಕೂಡಲೇ ಹೊಡೆಯುವ ಕಾಲು ಗೋಲಿಗೆ ತೆರೆದುಕೊಳ್ಳುತ್ತದೆ. ಎರಡನೆಯದು ಫಾಲ್ಸ್ ನೈನ್: ನಡುವಿನ ಸ್ಟ್ರೈಕರ್ ಆಗಿ ನಿಂತು, ಅಲ್ಲಿಂದ ಹಿಂದೆ ಸರಿದು ಮಿಡ್‌ಫೀಲ್ಡ್‌ನಲ್ಲಿ ಚೆಂಡು ಪಡೆಯುವವನು. 2009ರ ಮೇ 2ರಂದು ಬಾರ್ಸಿಲೋನಾ ರಿಯಲ್ ಮ್ಯಾಡ್ರಿಡ್ ವಿರುದ್ಧ 6–2ರಿಂದ ಗೆದ್ದ ಪಂದ್ಯದಲ್ಲಿ ತರಬೇತುದಾರ ಗ್ವಾರ್ಡಿಯೋಲಾ ಅವರು ಮೆಸ್ಸಿಯನ್ನು ಹೀಗೆ ಆಡಿಸಿದಾಗ, ಮ್ಯಾಡ್ರಿಡ್‌ನ ನಡುವಿನ ಡಿಫೆಂಡರ್‌ಗಳು ಅವರ ಹಿಂದೆ ಹೋದರೆ ಬೆನ್ನ ಹಿಂದೆ ಜಾಗ ಖಾಲಿಯಾಗುತ್ತಿತ್ತು, ಹೋಗದಿದ್ದರೆ ಮೆಸ್ಸಿ ಯಾರ ಅಡ್ಡಿಯೂ ಇಲ್ಲದೆ ತಿರುಗುತ್ತಿದ್ದರು. ಮೂರನೆಯದು ಪೆನಾಲ್ಟಿ ಬಾಕ್ಸಿನೊಳಗಿನ ಬೇಟೆಗಾರ. ಅಗುವೆರೊ, ಬ್ರೆಜಿಲಿನ ರೊಮಾರಿಯೊ ಈ ಸಾಲಿನವರು.

ದೊಡ್ಡ ಸ್ಟ್ರೈಕರ್ ಒಬ್ಬನ ಪಕ್ಕದಲ್ಲಿ ಕುಳ್ಳನನ್ನು ಆಡಿಸುವ ಹಳೆಯ ಪದ್ಧತಿಯೂ ಜಿಲ್ಲಾ ಮಟ್ಟದ ತಂಡಗಳಿಗೆ ಚೆನ್ನಾಗಿ ಹೊಂದುತ್ತದೆ. 1970ರ ದಶಕದ ಲಿವರ್‌ಪೂಲ್‌ನಲ್ಲಿ ಎತ್ತರದ ತೊಶಾಕ್ ತಲೆಯಿಂದ ಇಳಿಸಿಕೊಟ್ಟ ಚೆಂಡಿಗೆ ಕೀಗನ್ ಹೀಗೇ ಓಡಿ ಬರುತ್ತಿದ್ದರು.

ಬೇಡವಾದ ಜಾಗವನ್ನೂ ಹೇಳಬೇಕು. ಹಿಂದಿನಿಂದ "ಎತ್ತಿ ಹೊಡಿ" ಎಂದು ಕೂಗುವ ತಂಡದಲ್ಲಿ, ಗೋಲಿಗೆ ಬೆನ್ನು ಮಾಡಿ ಒಬ್ಬನೇ ನಿಂತು ಆಕಾಶದಿಂದ ಬೀಳುವ ಚೆಂಡಿಗೆ ತಲೆ ಎತ್ತಿ ಕಾಯುವ ಕೆಲಸವನ್ನು ಕುಳ್ಳ ಹುಡುಗನಿಗೆ ಕೊಡಬೇಡಿ. ಅವನು ಸೋಲುವುದು ಖಚಿತ, ಆ ಸೋಲನ್ನು ಎಲ್ಲರೂ ಅವನ ಎತ್ತರದ ಲೆಕ್ಕಕ್ಕೆ ಬರೆಯುವುದೂ ಖಚಿತ. ತಂಡದ ಆಟವನ್ನು ಬದಲಿಸಲು ತರಬೇತುದಾರರು ಒಪ್ಪದಿದ್ದರೆ ಹುಡುಗನನ್ನು ಆ ಜಾಗದಿಂದಲಾದರೂ ಬದಲಿಸಲು ಕೇಳಿಕೊಳ್ಳಿ.

ಹಂತ ಮೂರು: ಚೆಂಡು ಬರುವ ಮುನ್ನ

ಮೊಬೈಲಿನಲ್ಲಿ ಮೆಸ್ಸಿಯ ವಿಡಿಯೊ ನೋಡುವ ಮಕ್ಕಳಿಗೆ ಕಾಣುವುದು ಅವರು ನಾಲ್ವರನ್ನು ದಾಟುವ ಹತ್ತು ಸೆಕೆಂಡು ಮಾತ್ರ. ಅದಕ್ಕೂ ಮೊದಲು ಅವರು ಮೈದಾನದಲ್ಲಿ ನಿಧಾನಕ್ಕೆ ನಡೆಯುತ್ತ, ಕತ್ತನ್ನು ಆಚೀಚೆ ತಿರುಗಿಸುತ್ತ, ಯಾರು ಎಲ್ಲಿದ್ದಾರೆ ಎಂದು ನೋಡಿಕೊಳ್ಳುತ್ತಿದ್ದ ಭಾಗವನ್ನು ವಿಡಿಯೊ ಮಾಡಿದವರು ಕತ್ತರಿಸಿ ಬಿಸಾಡಿರುತ್ತಾರೆ. ಕುಳ್ಳ ಫಾರ್ವರ್ಡ್‌ನ ನಿಜವಾದ ವಿದ್ಯೆ ಇರುವುದು ಆ ಬಿಸಾಡಿದ ಭಾಗದಲ್ಲಿ. ಹಿಂದಿನಿಂದ ಬರುವ ದೊಡ್ಡ ಮೈಯ ಡಿಫೆಂಡರ್ ಅವನನ್ನು ಮುಟ್ಟುವಷ್ಟರಲ್ಲಿ ಚೆಂಡು ಅಲ್ಲಿ ಇರಬಾರದು. ಹಾಗಾಗಬೇಕಾದರೆ ಎಲ್ಲಿಗೆ ತಿರುಗಬೇಕೆಂಬ ತೀರ್ಮಾನ ಚೆಂಡು ದಾರಿಯಲ್ಲಿರುವಾಗಲೇ ಆಗಿರಬೇಕು.

ಇದನ್ನು ಕಲಿಸಲು ದುಬಾರಿ ಸಲಕರಣೆ ಬೇಡ, ಶಾಲೆಯ ಕಾಂಪೌಂಡ್ ಗೋಡೆ ಸಾಕು. ಗೋಡೆಯಿಂದ ಏಳೆಂಟು ಹೆಜ್ಜೆ ದೂರದಲ್ಲಿ ಹುಡುಗ ನಿಲ್ಲಲಿ. ಅವನ ಹಿಂದೆ ಮೂರು ಹೆಜ್ಜೆಯಲ್ಲಿ ಗೆಳೆಯನೊಬ್ಬ ನಿಲ್ಲಲಿ. ಇನ್ನೂ ಹಿಂದೆ, ಎಡಕ್ಕೊಂದು ಬಲಕ್ಕೊಂದು, ಎರಡೆರಡು ಚಪ್ಪಲಿಗಳನ್ನು ಒಂದು ಮೀಟರ್ ಅಂತರದಲ್ಲಿ ಇಟ್ಟು ಎರಡು ಸಣ್ಣ ಗೋಲು ಮಾಡಿ. ಹುಡುಗ ಗೋಡೆಗೆ ಚೆಂಡು ಒದೆಯುತ್ತಾನೆ. ಚೆಂಡು ಗೋಡೆ ಮುಟ್ಟಿ ಹಿಂದಿರುಗುವಷ್ಟರಲ್ಲಿ ಅವನು ಹೆಗಲ ಮೇಲಿಂದ ಹಿಂದೆ ನೋಡಬೇಕು. ಆ ಕ್ಷಣದಲ್ಲಿ ಗೆಳೆಯ ಎಡಗೈಯನ್ನೋ ಬಲಗೈಯನ್ನೋ ಎತ್ತಿರುತ್ತಾನೆ. ಯಾವ ಕೈ ಎಂದು ಹುಡುಗ ಕೂಗಿ ಹೇಳಿ, ಅದರ ವಿರುದ್ಧ ದಿಕ್ಕಿಗೆ ಮೊದಲ ಸ್ಪರ್ಶದಲ್ಲೇ ಚೆಂಡನ್ನು ತಿರುಗಿಸಿಕೊಂಡು, ಎರಡನೆಯ ಸ್ಪರ್ಶದಲ್ಲಿ ಆ ಬದಿಯ ಚಪ್ಪಲಿಗಳ ನಡುವೆ ಹೊಡೆಯಬೇಕು. ಮೂರನೆಯ ಸ್ಪರ್ಶವಾದರೆ ಲೆಕ್ಕಕ್ಕಿಲ್ಲ.

ಗಮನಿಸಬೇಕಾದ ಸೂಕ್ಷ್ಮಗಳು ಎರಡು. ಹುಡುಗ ಗೋಡೆಗೆ ನೇರ ಮುಖ ಮಾಡಿ ನಿಂತಿದ್ದರೆ ತಿರುಗಲು ಹೆಚ್ಚು ಹೊತ್ತು ಬೇಕು, ಆದ್ದರಿಂದ ಒಂದು ಹೆಗಲು ಗೋಡೆಯ ಕಡೆಗೂ ಇನ್ನೊಂದು ಗೋಲಿನ ಕಡೆಗೂ ಇರುವಂತೆ ಅಡ್ಡಡ್ಡವಾಗಿ ನಿಲ್ಲಬೇಕು. ಚೆಂಡನ್ನು ತೆಗೆದುಕೊಳ್ಳುವುದು ಗೋಲಿಗೆ ಹತ್ತಿರವಿರುವ ಕಾಲಿನಿಂದ, ಅಂದರೆ ಚೆಂಡು ಮೈಯನ್ನು ದಾಟಿ ಹಿಂದಿನ ಕಾಲಿಗೆ ಬರಲಿ. ಆರಂಭದಲ್ಲಿ ಹೆಚ್ಚಿನ ಮಕ್ಕಳು ಚೆಂಡು ಕಾಲಿಗೆ ಬಂದ ಮೇಲೆ ಹಿಂದೆ ನೋಡುತ್ತಾರೆ, ಇಲ್ಲವೇ ಗೋಡೆಗೆ ಒದೆಯುವ ಮೊದಲೇ ನೋಡಿ ಮುಗಿಸುತ್ತಾರೆ. ಎರಡೂ ಪ್ರಯೋಜನವಿಲ್ಲ, ಪಂದ್ಯದಲ್ಲಿ ಒಂದು ಸೆಕೆಂಡಿನ ಹಿಂದೆ ಖಾಲಿಯಿದ್ದ ಜಾಗ ಈಗ ಖಾಲಿಯಿರುವುದಿಲ್ಲ. ಚೆಂಡು ದಾರಿಯಲ್ಲಿರುವಾಗ ನೋಡುವುದು ರೂಢಿಯಾದ ಮೇಲೆ ಗೆಳೆಯನಿಗೆ ಕೈ ಎತ್ತುವ ಕೆಲಸ ಬಿಡಿಸಿ, ಚೆಂಡು ಗೋಡೆ ಬಿಟ್ಟ ಕೂಡಲೇ ಯಾವುದಾದರೂ ಒಂದು ಬದಿಯಿಂದ ನುಗ್ಗಲು ಹೇಳಿ. ಅದೂ ಸಲೀಸಾದ ಮೇಲೆ ಗೋಡೆಯ ಬದಲಿಗೆ ನಿಜವಾದ ಆಟಗಾರ ಪಾಸ್ ಕೊಡಲಿ. ಕೊನೆಗೆ ಹನ್ನೆರಡು ಮೀಟರ್ ಚೌಕದಲ್ಲಿ ಮೂವರು ಇಬ್ಬರ ವಿರುದ್ಧ ಆಡಲಿ.

ಊರಿನಲ್ಲಿ ಈಗ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ, ಕೃತಕ ಹುಲ್ಲು ಹಾಸಿದ ಟರ್ಫ್‌ಗಳಲ್ಲಿ ಐದೈದು ಜನ ಆಡುವ ಆಟ ಕುಳ್ಳ ಆಟಗಾರರಿಗೆ ಒಳ್ಳೆಯ ಶಾಲೆ, ಏಕೆಂದರೆ ಅಲ್ಲಿ ತಿರುಗಲು ಜಾಗವೂ ಇಲ್ಲ, ಯೋಚಿಸಲು ಸಮಯವೂ ಇಲ್ಲ. ಆದರೆ ಸುತ್ತಲಿನ ಬಲೆಗೆ ಚೆಂಡು ಬಡಿದು ವಾಪಸು ಬರುವುದನ್ನೇ ನೆಚ್ಚಿಕೊಂಡು ಕಲಿತವರು ದೊಡ್ಡ ಮೈದಾನದಲ್ಲಿ ಓಟದ ಅಳತೆ ತಪ್ಪುತ್ತಾರೆ. ವಾರದಲ್ಲಿ ಒಂದೆರಡು ದಿನ ಟರ್ಫ್, ಮಿಕ್ಕ ದಿನ ಮಣ್ಣಿನ ಮೈದಾನ ಎಂದು ಇಟ್ಟುಕೊಳ್ಳಿ. ನಮ್ಮ ಗಟ್ಟಿ ನೆಲಕ್ಕೆ ಉದ್ದ ಸ್ಟಡ್‌ಗಳ ಬೂಟು ಬೇಡ. ಗಿಡ್ಡ ರಬ್ಬರ್ ಗುಬುಟುಗಳಿರುವ ಬೂಟಿನಲ್ಲಿ ತಿರುಗುವುದು ಸುಲಭ, ಪಾದಕ್ಕೂ ಕ್ಷೇಮ.

ಹಂತ ನಾಲ್ಕು: ಮೈ ತಾಗಿದಾಗ

ಎಷ್ಟೇ ಚುರುಕಾಗಿದ್ದರೂ ಪಂದ್ಯದಲ್ಲಿ ಮೈ ತಾಗದೆ ಇರುವುದಿಲ್ಲ. ಇಲ್ಲಿ ಕುಳ್ಳಗಿರುವುದೇ ಒಂದು ಅನುಕೂಲ: ದೇಹದ ಭಾರ ನೆಲಕ್ಕೆ ಹತ್ತಿರವಿರುತ್ತದೆ, ಹೆಜ್ಜೆ ಚಿಕ್ಕದಿರುವುದರಿಂದ ಪಾದ ಬೇಗಬೇಗ ನೆಲ ಮುಟ್ಟುತ್ತದೆ, ಹೀಗಾಗಿ ದಿಕ್ಕು ಬದಲಿಸುವುದು ಎತ್ತರದವರಿಗಿಂತ ಬೇಗ ಸಾಧ್ಯ. ಆದರೆ ಹುಡುಗ ನೆಟ್ಟಗೆ ನಿಂತು ಆಡಿದರೆ ಈ ಅನುಕೂಲವೆಲ್ಲ ವ್ಯರ್ಥ. ನಮ್ಮ ಊರಿನ ಗರಡಿಮನೆಗಳಲ್ಲಿ ಪೈಲ್ವಾನರು ಕೈ ಕಲೆಸುವ ಮುನ್ನ ಕಾಲಗಲಿಸಿ, ಮಂಡಿ ಬಗ್ಗಿಸಿ, ಸೊಂಟ ಇಳಿಸಿ ನಿಲ್ಲುವ ಭಂಗಿ ಏನಿದೆಯೋ, ಹಿಂದೆ ಡಿಫೆಂಡರ್ ಇದ್ದಾಗ ಚೆಂಡು ಕಾಯುವ ಭಂಗಿಯೂ ಅದೇ. ದೂರದ ಕಾಲಿನಲ್ಲಿ ಚೆಂಡು, ಹತ್ತಿರದ ತೋಳು ಬಾಗಿ ಡಿಫೆಂಡರ್ ಎಲ್ಲಿದ್ದಾನೆ ಎಂದು ಅಳೆಯುತ್ತಿರಬೇಕು. ತೋಳು ಚಾಚಿ ತಳ್ಳಿದರೆ ಫೌಲ್. ಚೆಂಡು ಆಡುವಷ್ಟು ಸಮೀಪದಲ್ಲಿರುವವರೆಗೆ ಮೈ ಅಡ್ಡವಿಟ್ಟು ಅದನ್ನು ಕಾಪಾಡಿಕೊಳ್ಳಲು ನಿಯಮ ಅವಕಾಶ ಕೊಡುತ್ತದೆ, ಚೆಂಡು ದೂರ ಹೋದ ಮೇಲೆ ಅಡ್ಡ ನಿಲ್ಲಲು ಬಿಡುವುದಿಲ್ಲ.

ಹದಿನಾಲ್ಕರ ಒಳಗಿನವರಿಗೆ ಬಸ್ಕಿ, ದಂಡ, ಒಂಟಿ ಕಾಲಿನ ಸಮತೋಲನ ಸಾಕು. ಆಟಕ್ಕೆ ಮುನ್ನ ಮೈ ಬಿಸಿ ಮಾಡಿಕೊಳ್ಳಲು ಫಿಫಾ ಸಂಸ್ಥೆ ರೂಪಿಸಿದ '11 ಪ್ಲಸ್' ಎಂಬ ಇಪ್ಪತ್ತು ನಿಮಿಷದ ವ್ಯಾಯಾಮ ಕ್ರಮವಿದೆ. ಗಾಯಗಳನ್ನು ತಗ್ಗಿಸುತ್ತದೆ, ಯಾವ ಸಲಕರಣೆಯೂ ಬೇಡ. ನಾಲ್ಕು ಸುತ್ತು ಓಡಿಸಿ "ವಾರ್ಮಪ್ ಆಯ್ತು" ಎನ್ನುವ ನಮ್ಮ ಅಭ್ಯಾಸಕ್ಕಿಂತ ಅದು ಎಷ್ಟೋ ಮೇಲು.

ಹಂತ ಐದು: ಗೋಲು ಹೊಡೆಯುವ ಜಾಗ

ಡ್ರಿಬಲ್ ಚೆನ್ನಾಗಿ ಬರುವ ಹುಡುಗರಲ್ಲಿ ಬಹುತೇಕರು ಗೋಲು ಹೊಡೆಯುವುದಿಲ್ಲ, ಇದು ಕಟುಸತ್ಯ. ಮೂವರನ್ನು ದಾಟಿ ನಾಲ್ಕನೆಯವನ ಕಾಲಿಗೆ ಚೆಂಡು ಕೊಟ್ಟವನಿಗೆ ಮೈದಾನದಲ್ಲಿ ಚಪ್ಪಾಳೆ ಬೀಳುತ್ತದೆ, ಆಯ್ಕೆದಾರರ ಪಟ್ಟಿಯಲ್ಲಿ ಹೆಸರು ಬೀಳುವುದಿಲ್ಲ.

ಕುಳ್ಳ ಸ್ಟ್ರೈಕರ್‌ಗೆ ಅತ್ಯಂತ ಲಾಭದ ಚೆಂಡೆಂದರೆ ಕಟ್‌ಬ್ಯಾಕ್. ವಿಂಗರ್ ಗೋಲ್ ಗೆರೆಯವರೆಗೆ ಹೋಗಿ ಚೆಂಡನ್ನು ನೆಲದ ಮೇಲೆ ಹಿಂದಕ್ಕೆ ಉರುಳಿಸುತ್ತಾನೆ. ಡಿಫೆಂಡರ್‌ಗಳು ತಮ್ಮ ಗೋಲಿನ ಕಡೆಗೆ ಓಡುತ್ತಿರುತ್ತಾರೆ, ಅವರ ಮುಖವೂ ಆ ಕಡೆಗೇ. ಫಾರ್ವರ್ಡ್ ಅವರ ಜೊತೆ ಎರಡು ಹೆಜ್ಜೆ ಓಡಿ, ಗೋಲಿನಿಂದ 11 ಮೀಟರ್ ದೂರದ ಪೆನಾಲ್ಟಿ ಚುಕ್ಕೆಯ ಬಳಿ ಗಕ್ಕನೆ ನಿಂತರೆ ಅವನ ಸುತ್ತ ಯಾರೂ ಇರುವುದಿಲ್ಲ. ಇಲ್ಲಿ ಎತ್ತರಕ್ಕೆ ಬೆಲೆಯೇ ಇಲ್ಲ. ಇದನ್ನು ಅಭ್ಯಾಸ ಮಾಡಿಸುವಾಗ ಕಾಲನ್ನು ಹಿಂದಕ್ಕೆ ದೂರ ಎತ್ತಿ ಹೊಡೆಯಲು ಬಿಡಬೇಡಿ. ಕಾಲು ಎತ್ತುವ ಹೊತ್ತಿನಲ್ಲಿ ಅಡ್ಡ ಬರಲು ಡಿಫೆಂಡರ್‌ಗೆ ಸಮಯ ಸಿಗುತ್ತದೆ. ಮೊಣಕಾಲಿನ ಕೆಳಗಿನ ಭಾಗವನ್ನಷ್ಟೇ ಬೀಸಿ, ಕಂಬದ ಬುಡಕ್ಕೆ, ನೆಲಮಟ್ಟದಲ್ಲಿ ಹೊಡೆಯಲಿ. ರೊಮಾರಿಯೊ ಹಲವು ಗೋಲುಗಳನ್ನು ಬರೀ ಕಾಲ್ಬೆರಳ ತುದಿಯಿಂದ ಚುಚ್ಚಿ ಹೊಡೆದರು. ನಮ್ಮಲ್ಲಿ ಅದನ್ನು ಕಲಿಯದವರ ಒದೆತ ಎಂದು ನಗುತ್ತಾರೆ, ಗೋಲ್‌ಕೀಪರ್‌ಗಳು ನಗುವುದಿಲ್ಲ.

ಹೆಡರ್ ಕೈಬಿಡುವಂತಿಲ್ಲ. 1994ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಸ್ವೀಡನ್ನಿನ ಎತ್ತರದ ಡಿಫೆಂಡರ್‌ಗಳ ನಡುವೆ ಜಿಗಿದು ಬ್ರೆಜಿಲಿನ ಏಕೈಕ ಗೋಲನ್ನು ತಲೆಯಿಂದ ಹೊಡೆದವರು ಇದೇ ರೊಮಾರಿಯೊ, ಎತ್ತರ 1.70 ಮೀಟರ್ ಕೂಡ ಇಲ್ಲ. 2009ರಲ್ಲಿ ರೋಮ್‌ನಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಮೆಸ್ಸಿ ಗಳಿಸಿದ್ದೂ ಹೆಡರ್ ಗೋಲೇ. ಕುಳ್ಳನಿಗೆ ನಿಂತಲ್ಲೇ ನೆಗೆದು ಗೆಲ್ಲಲಾಗದು. ಡಿಫೆಂಡರ್‌ಗೆ ಕಾಣದಂತೆ ಅವನ ಬೆನ್ನ ಹಿಂದೆ ನಿಂತು, ಅಂಚಿನಿಂದ ಗೋಲಿನ ಮುಂದಕ್ಕೆ ಚೆಂಡು ಕಳಿಸುವವನು (ಕ್ರಾಸ್ ಮಾಡುವವನು) ಕಾಲು ಬೀಸುವಾಗ ಎರಡು ಹೆಜ್ಜೆ ಓಡಿ ಬಂದು, ಚೆಂಡು ಇಳಿಯುವ ಜಾಗಕ್ಕೆ ಮೊದಲು ಮುಟ್ಟಿದರೆ ಆಯಿತು.

ಹಂತ ಆರು: ಚೆಂಡಿಲ್ಲದ ಹೊತ್ತಿನ ದುಡಿಮೆ

ಇಂದಿನ ದೊಡ್ಡ ಕ್ಲಬ್ಬುಗಳಲ್ಲಿ ಫಾರ್ವರ್ಡ್ ತಂಡದ ಮೊದಲ ಡಿಫೆಂಡರ್. 2025ರಲ್ಲಿ ಇಂಟರ್ ಮಿಲಾನ್ ತಂಡವನ್ನು 5–0ರಿಂದ ಮಣಿಸಿ ಚಾಂಪಿಯನ್ಸ್ ಲೀಗ್ ಗೆದ್ದ ಪ್ಯಾರಿಸ್ ಸೇಂಟ್ ಜರ್ಮೈನ್ ತಂಡದಲ್ಲಿ ನಡುವಿನ ಫಾರ್ವರ್ಡ್ ಆಗಿದ್ದ ಡೆಂಬೆಲೆ ಎದುರಾಳಿ ಗೋಲ್‌ಕೀಪರ್‌ನನ್ನು ಬೆನ್ನಟ್ಟಿದ ರೀತಿಯನ್ನು ಮಕ್ಕಳಿಗೆ ತೋರಿಸಿ. ಕಾರ್ನರ್‌ಗಳಲ್ಲಿ ಕುಳ್ಳ ಆಟಗಾರನಿಗೆ ಸ್ಪಷ್ಟವಾದ ಕೆಲಸ ಕೊಡಿ: ನಮ್ಮ ಕಾರ್ನರ್ ಆದರೆ ಬಾಕ್ಸ್ ಅಂಚಿನಲ್ಲಿ ಹೊರಚಿಮ್ಮಿದ ಚೆಂಡಿಗೆ, ಎದುರಾಳಿಯದಾದರೆ ಮುಂದೆ ನಿಂತು ಪ್ರತಿದಾಳಿಗೆ. ಕಾರ್ನರ್ ಮತ್ತು ಥ್ರೋ-ಇನ್‌ನಿಂದ ನೇರವಾಗಿ ಬಂದ ಚೆಂಡಿಗೆ ಆಫ್‌ಸೈಡ್ (ಎದುರಾಳಿ ಡಿಫೆಂಡರ್‌ಗಳನ್ನು ದಾಟಿ ಮುಂದೆ ನಿಂತು ಚೆಂಡು ಪಡೆಯಬಾರದೆಂಬ ನಿಯಮ) ಇಲ್ಲ ಎಂಬುದನ್ನು ನಮ್ಮ ಅನೇಕ ಹುಡುಗರು ಬಳಸಿಕೊಳ್ಳುವುದೇ ಇಲ್ಲ.

ಹಂತ ಏಳು: ಊರಿನಿಂದ ಹೊರಗೆ

ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂಬ ಶಾಲಾ ಕ್ರೀಡಾಕೂಟದ ದಾರಿ ಎಲ್ಲರಿಗೂ ತೆರೆದಿದೆ. ಸುಬ್ರತೊ ಕಪ್‌ನಂಥ ಶಾಲಾ ಪಂದ್ಯಾವಳಿಗೆ ಶಾಲೆ ಹೆಸರು ನೋಂದಾಯಿಸುತ್ತದೆಯೇ ಎಂದು ದೈಹಿಕ ಶಿಕ್ಷಕರನ್ನು ಕೇಳಿ. ಅದರ ಮುಂದೆ ಬೆಂಗಳೂರೇ ಗತಿ, ಸುಮಾರು 260 ಕಿಲೋಮೀಟರ್. ಅಲ್ಲಿ ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯ ಲೀಗ್‌ಗಳಿವೆ, ಕ್ಲಬ್ಬುಗಳ ಕಿರಿಯರ ತಂಡಗಳಿವೆ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ, 54 ವರ್ಷಗಳ ನಂತರ ರಾಜ್ಯ ತಂಡಗಳ ರಾಷ್ಟ್ರೀಯ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಗೆದ್ದ ಕರ್ನಾಟಕ ತಂಡವನ್ನು ಕಟ್ಟಿದ್ದು ಈ ಲೀಗ್ ವ್ಯವಸ್ಥೆಯೇ.

ಸೆಲೆಕ್ಷನ್ ಟ್ರಯಲ್ಸ್‌ನಲ್ಲಿ ಪರಸ್ಪರ ಪರಿಚಯವಿಲ್ಲದ ಇಪ್ಪತ್ತೆರಡು ಹುಡುಗರನ್ನು ಇಪ್ಪತ್ತು ನಿಮಿಷ ಆಡಿಸುತ್ತಾರೆ. ಯಾರೂ ಪಾಸ್ ಕೊಡುವುದಿಲ್ಲ, ಎಲ್ಲರಿಗೂ ತಮ್ಮದೇ ಆಟ ತೋರಿಸುವ ಆತುರ. ಕುಳ್ಳ ಹುಡುಗ ಅಲ್ಲಿ ಮಾಡಬೇಕಾದ್ದು ಮೊದಲ ಮೂರು ಚೆಂಡುಗಳನ್ನು ಒಂದೆರಡು ಸ್ಪರ್ಶದಲ್ಲಿ ಸರಿಯಾದವರಿಗೆ ಕೊಟ್ಟು, ಕೊಟ್ಟ ಕೂಡಲೇ ಜಾಗ ಬದಲಿಸುವುದು. ಆಮೇಲೆ ಜೊತೆಯವರೇ ಅವನನ್ನು ಹುಡುಕಿ ಚೆಂಡು ಕೊಡತೊಡಗುತ್ತಾರೆ. ತಾನು ಆಡುವ ಜಾಗ ಯಾವುದೆಂದು ಅರ್ಜಿಯಲ್ಲಿ ಖಚಿತವಾಗಿ ಬರೆಯಲಿ, "ಎಲ್ಲಿಯಾದರೂ ಆಡುತ್ತೇನೆ" ಎಂದವನನ್ನು ಉಳಿದ ಜಾಗಕ್ಕೆ ತುರುಕುತ್ತಾರೆ. ಆಯ್ಕೆ ಮಾಡಿಸುತ್ತೇನೆಂದು ಮುಂಗಡ ಹಣ ಕೇಳುವ ಮಧ್ಯವರ್ತಿಗಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕ್ಲಬ್ಬಿನ ಅಧಿಕೃತ ಪ್ರಕಟಣೆ ನೋಡಿ, ಹುಡುಗನಿಗೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ನೋಂದಣಿ ಮಾಡಿಸುತ್ತಾರೆಯೇ ಎಂದು ವಿಚಾರಿಸಿ.

ಎತ್ತರ ಸಾಲದೆಂದು ಕೈಬಿಟ್ಟರೆ, ಆಯ್ಕೆದಾರರನ್ನು ಪಕ್ಕಕ್ಕೆ ಕರೆದು ಎರಡು ಪ್ರಶ್ನೆ ಕೇಳಿ: ಇವನು ಮುಂದೆಯೂ ಇಷ್ಟೇ ಎತ್ತರದಲ್ಲಿ ಉಳಿದರೆ ಯಾವ ಜಾಗದಲ್ಲಿ ಆಡಿಸುತ್ತಿದ್ದಿರಿ, ಆ ಜಾಗಕ್ಕೆ ಇವನಲ್ಲಿ ಈಗ ಏನು ಕೊರತೆಯಿದೆ? ಎರಡನೆಯದಕ್ಕೆ ಮೊದಲ ಸ್ಪರ್ಶ, ಎಡಗಾಲು, ಓಟದ ದಮ್ಮು ಎಂಬಂಥ ಉತ್ತರ ಬಂದರೆ ಬರೆದುಕೊಂಡು ಬಂದು ಒಂದು ವರ್ಷ ಅದರ ಮೇಲೆ ಕೆಲಸ ಮಾಡಿಸಿ, ಅದೇ ಟ್ರಯಲ್ಸ್‌ಗೆ ಮತ್ತೆ ಕರೆದೊಯ್ಯಿರಿ. ಎತ್ತರದ ಮಾತೊಂದೇ ಮತ್ತೆ ಮತ್ತೆ ಬಂದರೆ ಆ ತಂಡ ಹೇಗೆ ಆಡುತ್ತದೆ ಎಂದು ಒಂದು ಪಂದ್ಯ ಕೂತು ನೋಡಿ; ಚೆಂಡು ಹೆಚ್ಚು ಹೊತ್ತು ಗಾಳಿಯಲ್ಲೇ ಇದ್ದರೆ ಬೇರೆ ಕ್ಲಬ್ಬಿನ ಅರ್ಜಿ ತುಂಬಿ.